ಒಂದೇ ಪೆಟ್ಟಿಗೆಯಲ್ಲಿ ಕೋಳಿ ತತ್ತಿ, ಬಾತು ತತ್ತಿ: ಕಲಬುರಗಿ ಹವೆಗೆ ಹೊಂದುವ ಲೆಕ್ಕ

ಕೋಳಿ ತತ್ತಿ ಮರಿಯಾಗಲು 21 ದಿನ ಬೇಕು, ಬಾತುಕೋಳಿ ತತ್ತಿಗೆ 28 ದಿನ. ಎರಡನ್ನೂ ಒಂದೇ ದಿನ ಮರಿ ಮಾಡಿಸುವ ಪೆಟ್ಟಿಗೆಗೆ (ಇನ್‌ಕ್ಯುಬೇಟರ್) ಇಟ್ಟರೆ ಕೆಲಸ ಕೆಡುವುದು 18ನೇ ದಿನಕ್ಕೆ. ಅಂದು ಕೋಳಿ ತತ್ತಿ ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶ ಏರಿಸಿ, ಮುಚ್ಚಳ ಮುಚ್ಚಿ ಸುಮ್ಮನಿರಬೇಕು. ಬಾತು ತತ್ತಿಗೋ ಇನ್ನೂ ಒಂದು ವಾರ ಹೊರಳಿಸುವ, ತಣಿಸುವ, ಒಳಗಿನ ನೀರು ಆರಿಸುವ ಕೆಲಸ ಬಾಕಿ ಇರುತ್ತದೆ. ಒಂದಕ್ಕೆ ಅನುಕೂಲ ಮಾಡಿದರೆ ಇನ್ನೊಂದು ಸಾಯುತ್ತದೆ.

ಹಾಗಾಗಿ ಬಾತು ತತ್ತಿಯನ್ನು ಏಳು ದಿನ ಮೊದಲು ಇಡಬೇಕು. ವಾರದ ಲೆಕ್ಕ ಹಿಡಿದರೆ ಮರೆಯುವುದಿಲ್ಲ. ಭಾನುವಾರ ಬೆಳಿಗ್ಗೆ ಬಾತು ತತ್ತಿ ಇಡಿ. ಮುಂದಿನ ಭಾನುವಾರ ಸಂಜೆ ಕೋಳಿ ತತ್ತಿ ಇಡಿ. ಬಾತಿಗೆ 25ನೇ ದಿನ ಗುರುವಾರ ಬರುತ್ತದೆ, ಕೋಳಿಗೆ 18ನೇ ದಿನವೂ ಅದೇ ಗುರುವಾರ. ಅಂದು ಸಂಜೆ ಎರಡಕ್ಕೂ ಒಟ್ಟಿಗೇ ಮುಚ್ಚಳ ಹಾಕಿದರೆ ಆ ಭಾನುವಾರದ ಆಸುಪಾಸಿನಲ್ಲಿ ಎರಡೂ ಒಡೆಯುತ್ತವೆ. ಇಟ್ಟ ದಿನವನ್ನು ಒಂದು ಎಂದು ಎಣಿಸಬೇಡಿ; 24 ಗಂಟೆ ತುಂಬಿದಾಗ ಒಂದು ದಿನ. ಕೋಳಿ ತತ್ತಿಯನ್ನು ಬೆಳಿಗ್ಗೆ ಬಿಟ್ಟು ಸಂಜೆ ಇಡಲು ಹೇಳಿದ್ದಕ್ಕೆ ಕಾರಣವಿದೆ: ಜವಾರಿ ಕೋಳಿಯ ಸಣ್ಣ ತತ್ತಿ ಅರ್ಧ ದಿನ ಮೊದಲೇ ಒಡೆಯುವುದುಂಟು, ಬಾತು ಸಾಮಾನ್ಯವಾಗಿ ತಡಮಾಡುತ್ತದೆ.

ಈ ಲೆಕ್ಕ ಖಾಕಿ ಕ್ಯಾಂಪ್‌ಬೆಲ್, ಬಿಳಿ ಪೆಕಿನ್, ನಾಟಿ ಬಾತುಗಳಿಗೆ ಮಾತ್ರ. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕವಿ ಬಾತಿಗೆ ಸುಮಾರು 35 ದಿನ ಬೇಕು, ಅದನ್ನು ಕೋಳಿಗಿಂತ ಎರಡು ವಾರ ಮೊದಲು ಇಡಬೇಕು. ತತ್ತಿ ಕೊಳ್ಳುವಾಗ ಯಾವ ಬಾತು ಎಂದು ಕೇಳಿಯೇ ಕೊಳ್ಳಿ.

ಹವೆ ಮೊದಲು, ಪೆಟ್ಟಿಗೆ ಆಮೇಲೆ

ಎರಡೂ ತತ್ತಿಗೆ ಬೇಕಾದ ಶಾಖ ಒಂದೇ: ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್. ಒಟ್ಟಿಗೆ ಇಡಲು ಸಾಧ್ಯವಾಗುವುದು ಈ ಒಂದು ಕಾರಣಕ್ಕೆ. ಆದರೆ ಪೆಟ್ಟಿಗೆಗೆ ಬಿಸಿಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಶರಣಬಸವೇಶ್ವರರ ಜಾತ್ರೆ ಮುಗಿದು ಬಿಸಿಲು ಏರಿತೆಂದರೆ ಕಲಬುರಗಿ, ಯಾದಗಿರಿಯಲ್ಲಿ ಹೊರಗಿನ ಬಿಸಿ 40 ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ, ಬಿಸಿಲು ಬಡಿಯುವ ಮಾಳಿಗೆ ಕೋಣೆಯಲ್ಲಿ ಒಳಗಿನ ಗಾಳಿಯೇ 38 ಆದರೆ ಬಲ್ಬ್ ಪೂರ್ತಿ ಆರಿದ್ದರೂ ತತ್ತಿ ಬೇಯುತ್ತಲೇ ಇರುತ್ತದೆ. ಕೊನೆಯ ವಾರದ ಬಾತು ತತ್ತಿ ತಾನೇ ಶಾಖ ಬಿಡುವುದರಿಂದ ಅದರ ಒಳಗೆ ಇನ್ನೂ ಒಂದು ಡಿಗ್ರಿ ಜಾಸ್ತಿ ಇರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಇಡಲೇಬೇಕೆಂದರೆ ನೆಲಮಟ್ಟದ, ದಪ್ಪ ಕಲ್ಲುಗೋಡೆಯ ಒಳಕೋಣೆ ಆರಿಸಿ. ಮಧ್ಯಾಹ್ನ ಮೂರು ಗಂಟೆಗೂ 32 ದಾಟದ ಜಾಗವಾಗಿರಬೇಕು. ಶಹಾಬಾದ್ ಕಲ್ಲಿನ ನೆಲ ತಂಪಾಗಿರುತ್ತದೆ, ಆದರೆ ಪೆಟ್ಟಿಗೆಯನ್ನು ನೇರ ಅದರ ಮೇಲೆ ಇಟ್ಟರೆ ತಳದ ಶಾಖವನ್ನು ಕಲ್ಲು ಎಳೆಯುತ್ತದೆ. ಕೆಳಗೆ ಎರಡು ಮರದ ಪಟ್ಟಿ ಕೊಡಿ.

ದಸರೆಯಿಂದ ಶಿವರಾತ್ರಿವರೆಗಿನ ಕಾಲ ಎಲ್ಲಕ್ಕಿಂತ ಅನುಕೂಲ. ಬೀದರಿನ ಥಂಡಿಯಲ್ಲಿ ರಾತ್ರಿ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಬೇಕಾಗುತ್ತದೆ. ಗಾಳಿಯ ತೂತು ಮಾತ್ರ ಮುಚ್ಚಬಾರದು.

ತತ್ತಿ ಆರಿಸುವುದು, ಕೂಡಿಡುವುದು

8ರಿಂದ 10 ಹೇಟೆಗೆ ಒಂದು ಹುಂಜ, 5ರಿಂದ 6 ಹೆಣ್ಣು ಬಾತಿಗೆ ಒಂದು ಗಂಡು ಇರುವ ಹಿಂಡಿನ ತತ್ತಿ ಬೇಕು. ಅಂಗಡಿಯ ಫಾರಂ ತತ್ತಿಯಿಂದ ಮರಿ ಬಾರದು, ಅಲ್ಲಿ ಹುಂಜವೇ ಇರುವುದಿಲ್ಲ. ಗಿರಿರಾಜ, ಸ್ವರ್ಣಧಾರ ಕೋಳಿಯ ತತ್ತಿಯಿಂದ ಮರಿ ಬರುತ್ತವೆ, ಆದರೆ ಅವು ಮಿಶ್ರತಳಿಗಳಾದ್ದರಿಂದ ಮರಿಗಳಲ್ಲಿ ತಾಯಿಯ ಮೈಕಟ್ಟು, ತತ್ತಿಯ ಎಣಿಕೆ ಹಾಗೇ ಉಳಿಯುವುದಿಲ್ಲ.

ಬಾತುಗಳು ಹೆಚ್ಚಾಗಿ ನಸುಕಿನಲ್ಲೇ ತತ್ತಿ ಇಡುತ್ತವೆ. ಬೆಳಿಗ್ಗೆ ಒಂಬತ್ತರವರೆಗೆ ಒಣ ಹುಲ್ಲು ಹಾಸಿದ ಗೂಡಿನಲ್ಲೇ ಕೂಡಿಹಾಕಿದರೆ ಕೆಸರು ಮೆತ್ತದ ತತ್ತಿ ಸಿಗುತ್ತವೆ. ಇದು ಸಣ್ಣ ವಿಷಯವಲ್ಲ. ಪೆಟ್ಟಿಗೆಯೊಳಗೆ ಕೊಳೆತು ಸಿಡಿಯುವ ತತ್ತಿಗಳಲ್ಲಿ ಹೆಚ್ಚಿನವು ಕೊಳಕು ಬಾತು ತತ್ತಿಗಳೇ. ಒಂದು ಸಿಡಿದರೆ ಸುತ್ತಲಿನ ಹತ್ತಕ್ಕೆ ಸೋಂಕು. ಒಣ ಮಣ್ಣನ್ನು ಪಾತ್ರೆ ಉಜ್ಜುವ ಹೊಸ ಸ್ಕ್ರಬರಿನಿಂದ ಮೆಲ್ಲಗೆ ತೆಗೆಯಿರಿ. ತೊಳೆಯಲೇಬೇಕಾದರೆ ತತ್ತಿಗಿಂತ ಬೆಚ್ಚಗಿನ, 40 ಡಿಗ್ರಿ ದಾಟಿದ ನೀರು ಬಳಸಿ. ತಣ್ಣೀರು ತಾಗಿದರೆ ಒಳಗಿನ ಗಾಳಿ ಕುಗ್ಗಿ, ಚಿಪ್ಪಿನ ಸಣ್ಣ ರಂಧ್ರಗಳಿಂದ ಹೊಲಸು ನೀರು ಒಳಗೆ ಎಳೆದುಕೊಳ್ಳುತ್ತದೆ.

ಕೂಡಿಡುವುದು ಏಳು ದಿನದ ಮೇಲೆ ಬೇಡ. 15ರಿಂದ 18 ಡಿಗ್ರಿ ಇದ್ದರೆ ಉತ್ತಮ, ಚೂಪು ತುದಿ ಕೆಳಗೆ. 25 ಡಿಗ್ರಿ ದಾಟಿದ ಜಾಗದಲ್ಲಿ ಭ್ರೂಣ ಅರೆಬರೆ ಬೆಳೆಯತೊಡಗುತ್ತದೆ, ರಾತ್ರಿ ತಂಪಿಗೆ ನಿಲ್ಲುತ್ತದೆ, ಮರುದಿನ ಮತ್ತೆ ಬೆಳೆಯುತ್ತದೆ. ಹೀಗೆ ಪೆಟ್ಟಿಗೆ ಸೇರುವ ಮೊದಲೇ ಸಾಯುತ್ತದೆ. ಇದಕ್ಕೆ ನಮ್ಮ ಒಣ ಹವೆಯಲ್ಲಿ ಚೆನ್ನಾಗಿ ನಡೆಯುವ ಉಪಾಯ ಎಂದರೆ ಗಡಿಗೆಯೊಳಗೆ ಗಡಿಗೆ. ದೊಡ್ಡ ಮಣ್ಣಿನ ಗಡಿಗೆಯಲ್ಲಿ ನಾಲ್ಕು ಬೆರಳು ಮರಳು ಹಾಕಿ, ಸಣ್ಣ ಗಡಿಗೆ ಕೂರಿಸಿ, ನಡುವಿನ ಸಂದಿಗೂ ಮರಳು ತುಂಬಿ ದಿನಕ್ಕೆರಡು ಬಾರಿ ನೀರು ಹಾಕಿ. ಒಳಗಡಿಗೆಯಲ್ಲಿ ಒಣ ಬಟ್ಟೆ ಹಾಸಿ ತತ್ತಿ ಇಟ್ಟು ಮೇಲೆ ಒದ್ದೆ ಗೋಣಿ ಮುಚ್ಚಿ. ಮಳೆಗಾಲದ ಹಸಿ ಗಾಳಿಯಲ್ಲಿ ಇದು ಅಷ್ಟಾಗಿ ತಂಪಾಗುವುದಿಲ್ಲ. ಆಗ ಮೂರು ನಾಲ್ಕು ದಿನದ ತತ್ತಿ ಸೇರಿದ ಕೂಡಲೇ ಇಟ್ಟುಬಿಡಿ.

ಪೆಟ್ಟಿಗೆ

12 ಬಾತು, 24 ಕೋಳಿ ತತ್ತಿಗೆ ಸುಮಾರು 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಸಾಕು. ಮೀನಿನ ಪೆಟ್ಟಿಗೆಯಾದರೆ ಸೋಪಿನಿಂದ ತೊಳೆದು ಎರಡು ದಿನ ಬಿಸಿಲಿಗಿಡಿ. 40 ವ್ಯಾಟಿನ ಎರಡು ಹಳದಿ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬಿನಿಂದ ಬೇಕಾದಷ್ಟು ಶಾಖ ಸಿಗದು. ಎರಡು ಬಲ್ಬ್ ಏಕೆಂದರೆ ನಡುರಾತ್ರಿ ಒಂದು ಹೋದರೂ ಇನ್ನೊಂದು ಬೆಳಗಿನವರೆಗೆ ಹಿಡಿದಿಡುತ್ತದೆ. ಹೋಲ್ಡರನ್ನು ತಗಡಿನ ಪಟ್ಟಿಗೆ ಬಿಗಿದು, ಥರ್ಮಾಕೋಲಿನಿಂದ ಒಂದು ಗೇಣು ದೂರ ಇರಿಸಿ, ಸುತ್ತ ತಂತಿ ಜಾಳಿಗೆ ಕೊಡಿ. ಬಲ್ಬ್ ತಾಗಿದರೆ ಥರ್ಮಾಕೋಲ್ ಕರಗುತ್ತದೆ, ಹೊತ್ತಿಕೊಳ್ಳಲೂಬಹುದು.

12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಈ ಜಂಟಿ ಕೆಲಸಕ್ಕೆ ಅನಿವಾರ್ಯ. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ ನಿಲ್ಲುತ್ತದೆ. ಬಾತು ತತ್ತಿ ಕೋಳಿ ತತ್ತಿಗಿಂತ ಎತ್ತರ. ಅದರ ಬೆನ್ನಿಗೆ ಸರಿಯಾದ ಶಾಖ ಕೋಳಿ ತತ್ತಿಗೆ ಕಡಿಮೆ ಬೀಳುತ್ತದೆ. ಫ್ಯಾನ್ ಗಾಳಿ ಬಲ್ಬಿನ ಮೇಲಿಂದ ಹಾದು ಎದುರು ಗೋಡೆಗೆ ಬಡಿಯಬೇಕು, ನೇರ ತತ್ತಿಗೆ ಬೀಸಬಾರದು. ಇಡೀ ದಿನ ನಿಲ್ಲದೆ ತಿರುಗಬೇಕು.

ಶಾಖ ಹಿಡಿತಕ್ಕೆ ಡಬ್ಲ್ಯೂ 1209 ಎಂಬ ಸಣ್ಣ ಥರ್ಮೋಸ್ಟಾಟ್ ಬೋರ್ಡ್ ಸಾಕು. ಕೊಂಡಾಗ ಅದು ತಣಿಸುವ ಕ್ರಮದಲ್ಲಿರುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಪಿ0 ಅನ್ನು 'ಸಿ'ಯಿಂದ (ತಣಿಸು) 'ಎಚ್'ಗೆ (ಬಿಸಿಮಾಡು) ಬದಲಿಸಿ. ಬಲ್ಬ್ ಆರುವ, ಮತ್ತೆ ಹೊತ್ತುವ ಶಾಖದ ನಡುವಿನ ಅಂತರ ಪಿ1 ರಲ್ಲಿ 2 ಡಿಗ್ರಿ ಇರುತ್ತದೆ, ಅದನ್ನು 0.3ಕ್ಕೆ ಇಳಿಸಿ. ಈ ಎರಡನ್ನು ಮಾಡದೆ ಇಟ್ಟವರ ತತ್ತಿ ಮೊದಲ ದಿನವೇ ಕೆಡುತ್ತದೆ. ಸೆನ್ಸರಿನ ತುದಿ ತತ್ತಿಯ ಮಟ್ಟದಲ್ಲಿ, ಎರಡು ಟ್ರೇಗಳ ನಡುವೆ ಇರಲಿ, ಬಲ್ಬಿನ ಬೆಳಕು ಬೀಳದಂತೆ ಮರೆ ಮಾಡಿ. ಅದರ ಅಂಕಿಯನ್ನು ಹಾಗೇ ನಂಬಬೇಡಿ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಮತ್ತು ಸೆನ್ಸರನ್ನು ಒಂದೇ ಲೋಟದ ಬೆಚ್ಚನೆ ನೀರಿನಲ್ಲಿ ಹಿಡಿದು ನೋಡಿ, ವ್ಯತ್ಯಾಸವನ್ನು ಪಿ4 ರಲ್ಲಿ ಸರಿಪಡಿಸಿ. 230 ವೋಲ್ಟಿನ ತಂತಿ ನೀರಿನ ತಟ್ಟೆಯ ಹತ್ತಿರ ಸುಳಿಯಬಾರದು, ಜೋಡಣೆಗಳೆಲ್ಲ ಪೆಟ್ಟಿಗೆಯ ಹೊರಗಿರಲಿ.

ಬುಡದ ಹತ್ತಿರ ನಾಲ್ಕು, ಮುಚ್ಚಳದಲ್ಲಿ ನಾಲ್ಕು, ಒಂದೊಂದು 10 ಮಿ.ಮೀ. ಅಗಲದ ತೂತು ಬೇಕು. ತತ್ತಿ ಇಡುವ ಮೊದಲು ಒಂದು ಇಡೀ ದಿನ ಪೆಟ್ಟಿಗೆಯನ್ನು ಖಾಲಿ ಓಡಿಸಿ ನೋಡಿ.

ತೇವಾಂಶ: ಮೀಟರ್ ಅಲ್ಲ, ತಕ್ಕಡಿ

ಹೆಚ್ಚು ಮರಿ ಸಾಯುವುದು ಇಲ್ಲಿ. ಕೋಳಿ ತತ್ತಿಗೆ 45ರಿಂದ 55, ಬಾತು ತತ್ತಿಗೆ 55ರಿಂದ 60 ಶೇಕಡ ತೇವಾಂಶ ಬೇಕು. ಬಾತು ತತ್ತಿ ಒಂದೇ ಇರುವ ಮೊದಲ ವಾರ 55 ಇಡಿ. ಕೋಳಿ ತತ್ತಿ ಸೇರಿದ ಮೇಲೆ 50ರಿಂದ 52ರಲ್ಲಿ ನಿಲ್ಲಿಸಿ, ಬಾತಿಗೆ ಕಡಿಮೆಯಾದ ನೀರನ್ನು ಅದರ ಚಿಪ್ಪಿನ ಮೇಲೆ ಬೇರೆಯಾಗಿ ಸಿಂಪಡಿಸಿ. ಪೆಟ್ಟಿಗೆಯನ್ನು ಕೋಳಿಗೆ ಹೊಂದಿಸಿ, ಬಾತನ್ನು ಕೈಯಿಂದ ನೋಡಿಕೊಳ್ಳಿ. ತಿರುಗಾಮುರುಗಾ ಮಾಡಲು ಬರುವುದಿಲ್ಲ, ಹೆಚ್ಚಾದ ತೇವವನ್ನು ಕೋಳಿ ತತ್ತಿಯಿಂದ ತೆಗೆಯುವ ದಾರಿ ಇಲ್ಲ.

ಅಗ್ಗದ ತೇವಾಂಶ ಮೀಟರ್ ಹತ್ತು ಅಂಕಿ ತಪ್ಪು ತೋರಿಸುವುದು ಸಾಮಾನ್ಯ. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಸರಿನಷ್ಟು ನೀರು ಬೆರೆಸಿ, ಮೀಟರಿನೊಂದಿಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 68 ತೋರಿಸಿದರೆ ಮುಂದೆ ಪ್ರತಿ ಬಾರಿ 7 ಕೂಡಿಸಿಕೊಳ್ಳಿ.

ನಿಜವಾದ ಅಳತೆ ತೂಕ. ತತ್ತಿ ಒಳಗಿನ ನೀರು ನಿಧಾನವಾಗಿ ಆರಿ ಅಗಲ ತುದಿಯಲ್ಲಿರುವ ಗಾಳಿಗೂಡು ದೊಡ್ಡದಾಗಬೇಕು. ಮರಿ ಮೊದಲ ಉಸಿರು ಎಳೆಯುವುದು ಆ ಗಾಳಿಯಿಂದ. 18 ದಿನಕ್ಕೆ ಕೋಳಿ ತತ್ತಿ ಸುಮಾರು 12, 25 ದಿನಕ್ಕೆ ಬಾತು ತತ್ತಿ ಸುಮಾರು 13 ಶೇಕಡ ತೂಕ ಕಳೆದುಕೊಳ್ಳಬೇಕು. ಗ್ರಾಂನ ಹತ್ತನೇ ಭಾಗ ತೋರಿಸುವ ಕೈ ತಕ್ಕಡಿ ತಂದು, ಒಂದೊಂದರಲ್ಲಿ ಐದು ತತ್ತಿಗೆ ಪೆನ್ಸಿಲಿನಿಂದ ಗುರುತು ಹಾಕಿ ಪ್ರತಿ ಭಾನುವಾರ ತೂಗಿ. 72 ಗ್ರಾಂ ಬಾತು ತತ್ತಿ ಮೊದಲ ಭಾನುವಾರ 69.4, ಎರಡನೆಯದಕ್ಕೆ 66.8, ಮುಚ್ಚುವ ಗುರುವಾರ 62.6ರ ಹತ್ತಿರ ಇರಬೇಕು. 42 ಗ್ರಾಂ ಜವಾರಿ ತತ್ತಿ ಏಳು ದಿನಕ್ಕೆ 40, ಹದಿನಾಲ್ಕಕ್ಕೆ 38, ಮುಚ್ಚುವಾಗ 37. ಹೆಚ್ಚು ಇಳಿದಿದ್ದರೆ ನೀರಿನ ತಟ್ಟೆ ಅಗಲ ಮಾಡಿ, ಕಡಿಮೆ ಇಳಿದಿದ್ದರೆ ತಟ್ಟೆ ತೆಗೆದುಬಿಡಿ. ಮೊದಲ ವಾರದ ತಪ್ಪನ್ನು ಎರಡನೇ ವಾರ ತಿದ್ದಬಹುದು. ಮುಚ್ಚುವ ದಿನ ಗೊತ್ತಾದರೆ ಏನೂ ಮಾಡಲಾಗದು.

ತೇವಾಂಶ ಏರಿಸುವುದು ನೀರಿನ ಅಗಲ, ಆಳವಲ್ಲ. ಚೊಂಬಿನ ತುಂಬ ನೀರಿಗಿಂತ ಊಟದ ತಟ್ಟೆಯ ತೆಳುನೀರು ಹೆಚ್ಚು ಆವಿ ಕೊಡುತ್ತದೆ. ಚಳಿಗಾಲದಲ್ಲಿ ಒಂದು ತಟ್ಟೆ, ಒಂದು ಒದ್ದೆ ಸ್ಪಂಜಿನಿಂದ ಶುರುಮಾಡಿ. ಬೇಸಿಗೆಯ ಒಣ ಗಾಳಿಗೆ ಎರಡು ತಟ್ಟೆ ಬೇಕಾದೀತು. ಆಗಸ್ಟ್, ಸೆಪ್ಟೆಂಬರಿನ ಮಳೆಯಲ್ಲಿ ಮುಚ್ಚುವ ದಿನದವರೆಗೂ ತಟ್ಟೆ ಬೇಡವಾಗಬಹುದು. ತೇವ ಹೆಚ್ಚಿಸಲೆಂದು ತೂತು ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಉಸಿರುಗಟ್ಟಿ ಸಾಯುತ್ತವೆ.

ದಿನದ ಕೆಲಸ

ತತ್ತಿಯ ಒಂದು ಬದಿಗೆ ಗುಣಿಸು ಗುರುತು, ಇನ್ನೊಂದು ಬದಿಗೆ ಸೊನ್ನೆ ಹಾಕಿ. ದಿನಕ್ಕೆ ಮೂರು ಇಲ್ಲವೆ ಐದು ಬಾರಿ ಹೊರಳಿಸಿ. ಬೆಸ ಸಂಖ್ಯೆ ಇದ್ದರೆ ಉದ್ದನೆಯ ರಾತ್ರಿಯನ್ನು ತತ್ತಿ ಒಂದು ದಿನ ಈ ಬದಿ, ಮರುದಿನ ಆ ಬದಿ ಕಳೆಯುತ್ತದೆ. ಒಮ್ಮೆ ಬಲಕ್ಕೆ ತಿರುಗಿಸಿದರೆ ಮುಂದಿನ ಸಲ ಎಡಕ್ಕೆ. ಬಾತು ತತ್ತಿಯನ್ನು ಮಲಗಿಸಿಯೇ ಇಟ್ಟು ಪೂರ್ತಿ ಅರ್ಧ ಸುತ್ತು ತಿರುಗಿಸಬೇಕು. ಕೋಳಿ ತತ್ತಿಯ ಅಳತೆಗೆ ಮಾಡಿದ ಆಟೋಮ್ಯಾಟಿಕ್ ಟ್ರೇಯಲ್ಲಿ ಬಾತು ತತ್ತಿ ಸಿಕ್ಕಿಕೊಳ್ಳುತ್ತದೆ, ಅದರ ಬಾಗು ಬಾತಿಗೆ ಸಾಲುವುದೂ ಇಲ್ಲ. ಹೊರಳಿಸದ ತತ್ತಿಯಲ್ಲಿ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಮೊದಲ ವಾರ ಇದರಲ್ಲಿ ಆಲಸ್ಯ ಮಾಡಿದರೆ ಅದರ ಫಲ ಕೊನೆಯ ವಾರ ಕಾಣುತ್ತದೆ.

ಬಾತಿನ 10ನೇ ದಿನದಿಂದ 24ನೇ ದಿನದವರೆಗೆ ದಿನಕ್ಕೊಮ್ಮೆ ಬಾತು ಟ್ರೇ ಒಂದನ್ನೇ ಹೊರಗೆ ತೆಗೆದು, ಮುಚ್ಚಳ ಮುಚ್ಚಿ, ತತ್ತಿ ತಣಿಯಲು ಬಿಡಿ. ಥಂಡಿಯಲ್ಲಿ 5 ನಿಮಿಷ, ಉಳಿದ ಕಾಲದಲ್ಲಿ 10ರಿಂದ 15. ಕಣ್ಣರೆಪ್ಪೆಗೆ ಮುಟ್ಟಿಸಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು. ಆಗ ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರನ್ನು ತೆಳ್ಳಗೆ ಸಿಂಪಡಿಸಿ ಒಳಗಿಡಿ. ತಾಯಿ ಬಾತು ಮೇಯಲು ಎದ್ದುಹೋಗಿ ಒದ್ದೆ ಎದೆಯಿಂದ ಮರಳಿ ಕೂರುವುದಕ್ಕೆ ಇದು ಬದಲಿ. ಕೊಬ್ಬು ಜಾಸ್ತಿ ಇರುವ ದೊಡ್ಡ ತತ್ತಿ ಒಳಗಿನ ಬಿಸಿ ಬಿಡಲು ಹೀಗೆ ಬಿಡುವು ಬೇಕು. ಕೋಳಿ ತತ್ತಿಗೆ ಸಿಂಪಡಿಸಬೇಡಿ.

ಬೆಳಕಿಗೆ ಹಿಡಿದು ನೋಡುವುದೂ ಭಾನುವಾರವೇ. ಕೋಳಿ ತತ್ತಿ ಇಡುವ ದಿನ ಬಾತಿಗೆ ಏಳು ದಿನ ತುಂಬಿರುತ್ತದೆ. ಕತ್ತಲ ಕೋಣೆಯಲ್ಲಿ ರಟ್ಟಿಗೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿದು ತತ್ತಿಯ ಅಗಲ ತುದಿ ಇಡಿ. ಕೆಂಪು ನರಗಳ ಬಲೆ, ನಡುವೆ ಅಲುಗುವ ಕಪ್ಪು ಚುಕ್ಕೆ ಕಂಡರೆ ಜೀವವಿದೆ. ಬರೀ ಹಳದಿ ನೆರಳಿದ್ದರೆ ಗೊಡ್ಡು ತತ್ತಿ. ನರಗಳಿಲ್ಲದೆ ಕೆಂಪು ಉಂಗುರ ಒಂದೇ ಕಂಡರೆ ಮೊದಲ ದಿನಗಳಲ್ಲೇ ಸತ್ತಿದೆ. ಗೊಡ್ಡು, ಸತ್ತ ತತ್ತಿ ತೆಗೆದರೆ ಕೋಳಿ ತತ್ತಿಗೆ ಜಾಗವೂ ಆಯಿತು. ಹೊಸ ಕೋಳಿ ತತ್ತಿಯನ್ನು ಆರೆಂಟು ಗಂಟೆ ಕೋಣೆಯ ಶಾಖದಲ್ಲಿಟ್ಟೇ ಒಳಗಿಡಿ, ಇಲ್ಲವಾದರೆ ತಣ್ಣನೆ ತತ್ತಿ ಬೆವರಿ ಬಾತು ತತ್ತಿಯ ಶಾಖವನ್ನೂ ಇಳಿಸುತ್ತದೆ. ದಿನಾ ಮುಚ್ಚಳ ತೆಗೆದಾಗ ಮೂಗಿಗೂ ಕೆಲಸ ಕೊಡಿ. ಕೆಟ್ಟ ವಾಸನೆ ಬಂದರೆ, ಚಿಪ್ಪಿನ ಮೇಲೆ ಬೆವರಿನಂತೆ ಹನಿ ಕಂಡರೆ ಆ ತತ್ತಿಯನ್ನು ಅಲುಗಿಸದೆ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ ಹೊರಗೆ ಹೂಳಿ.

ಕರೆಂಟ್ ಹೋದರೆ

ಶಾಖ ಇಳಿಯುವುದಕ್ಕಿಂತ ಏರುವುದು ಅಪಾಯ. ಒಂದೆರಡು ಗಂಟೆ 33ಕ್ಕೆ ಇಳಿದರೆ ಮರಿ ಸ್ವಲ್ಪ ತಡವಾಗಬಹುದು. 40 ದಾಟಿ ಅಷ್ಟೇ ಹೊತ್ತು ನಿಂತರೆ ಬ್ಯಾಚ್ ಕೈಬಿಟ್ಟಂತೆ. ಚಳಿಗಾಲದಲ್ಲಿ ಎರಡು ಲೀಟರ್ ಬಾಟಲಿಗಳಲ್ಲಿ ಕೈಗೆ ತಾಳುವಷ್ಟು ಬಿಸಿನೀರು ತುಂಬಿ ಒಳಗಿಟ್ಟು ಕಂಬಳಿ ಹೊದಿಸಿ. ಬೇಸಿಗೆಯಲ್ಲಿ ಕಂಬಳಿ ಬೇಡ, ಮುಚ್ಚಳವನ್ನು ಎರಡು ಬೆರಳು ಸರಿಸಿ. ಫ್ಯಾನ್ ನಿಂತಾಗ ಕೊನೆಯ ವಾರದ ತತ್ತಿಗೆ ಗಾಳಿ ಸಾಲುವುದಿಲ್ಲ. ಪದೇ ಪದೇ ಕರೆಂಟ್ ಹೋಗುವ ಊರಾದರೆ 12 ವೋಲ್ಟ್, 7 ಆಂಪಿಯರ್-ಅವರ್ ಯುಪಿಎಸ್ ಬ್ಯಾಟರಿ ಮತ್ತು ಗಾಡಿಯ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬ್ ಇಟ್ಟುಕೊಳ್ಳಿ, ಮೂರು ಗಂಟೆಯ ಮಟ್ಟಿಗೆ ಆಸರೆಯಾಗುತ್ತದೆ.

ಮುಚ್ಚುವ ಗುರುವಾರ

ಹೊರಳಿಸುವುದು, ತಣಿಸುವುದು ನಿಲ್ಲಿಸಿ. ತಳಕ್ಕೆ ಜಾರದ ಗೋಣಿ ಹಾಸಿ. ಕಾಗದದ ಮೇಲೆ ಕಾಲು ಜಾರಿ ಮರಿಗಳ ಕಾಲು ಅಗಲಿ ಸೊಟ್ಟಗಾಗುತ್ತವೆ. ಬಾತು ಒಂದು ಬದಿ, ಕೋಳಿ ಒಂದು ಬದಿ, ನಡುವೆ ತಂತಿ ಜಾಳಿಗೆ. ಈ ಅಡ್ಡ ಬಿಡಬೇಡಿ. ಮೊದಲು ಹೊರಬಂದ ಕೋಳಿಮರಿಗಳು ಕುಕ್ಕು ಬಿದ್ದ (ಮರಿ ಒಳಗಿನಿಂದ ಕೊಕ್ಕಿನಿಂದ ಚಿಪ್ಪಿಗೆ ಮೊದಲ ಕಿಂಡಿ ಹಾಕಿದ) ಬಾತು ತತ್ತಿಯನ್ನು ಉರುಳಿಸಿದರೆ ಉಸಿರಾಡುವ ಕಿಂಡಿ ಕೆಳಗಾಗುತ್ತದೆ. ತೇವಾಂಶ 70ಕ್ಕೆ ಏರಿಸಿ, ಮೇಲಿನ ತೂತುಗಳೆಲ್ಲ ತೆರೆದಿರಲಿ.

ಕೋಳಿಮರಿ ಕುಕ್ಕು ಹಾಕಿದ 12ರಿಂದ 24 ಗಂಟೆಯಲ್ಲಿ ಹೊರಬರುತ್ತದೆ. ಬಾತುಮರಿ 24ರಿಂದ 48 ಗಂಟೆ ತೆಗೆದುಕೊಳ್ಳುವುದು ಸಹಜ. ಆ ಹೊತ್ತಿನಲ್ಲಿ ಅದು ಸುಮ್ಮನೆ ಕೂತಿಲ್ಲ, ಪೊರೆಯ ರಕ್ತವನ್ನೂ ಹಳದಿಯನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಕನಿಕರಪಟ್ಟು ಚಿಪ್ಪು ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ. 48 ಗಂಟೆ ಕಳೆದು, ಪೊರೆ ಹಳದಿ ಕಾಗದದಂತೆ ಒಣಗಿದ್ದರೆ ಮಾತ್ರ ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒದ್ದೆ ಮಾಡಿ, ಕಿಂಡಿಯ ಸುತ್ತ ಚೂರು ಚೂರೇ ತೆಗೆಯಿರಿ. ಕೆಂಪು ಕಂಡ ಕ್ಷಣ ನಿಲ್ಲಿಸಿ ಒಳಗಿಡಿ.

ಒಣಗಿದ ಕೋಳಿಮರಿಗಳನ್ನು ಒಂದೊಂದಾಗಿ ತೆಗೆಯಲು ಮುಚ್ಚಳ ತೆರೆಯುತ್ತಾ ಕೂತರೆ ತೇವ ಹಾರಿ, ಒಡೆಯುತ್ತಿರುವ ಬಾತಿನ ಪೊರೆ ಬಿಗಿದುಕೊಳ್ಳುತ್ತದೆ. ಹೊಟ್ಟೆಯ ಹಳದಿಯ ಬಲದಿಂದ ಮರಿ ಎರಡು ದಿನ ಮೇವಿಲ್ಲದೆ ಇರಬಲ್ಲದು. ಭಾನುವಾರ ರಾತ್ರಿ ಒಂದೇ ಸಲ ಎಲ್ಲವನ್ನೂ ತೆಗೆದು, ತಟ್ಟೆಗೆ ಬಿಸಿನೀರು ಸುರಿದು ಮತ್ತೆ ಮುಚ್ಚಿ.

ಬಾತಿನ 30ನೇ ದಿನದ ಹೊತ್ತಿಗೂ ಒಡೆಯದ ತತ್ತಿಯನ್ನು ಎಸೆಯುವ ಮೊದಲು ಒಡೆದು ನೋಡಿ. ಪೂರ್ತಿ ಬೆಳೆದ ಮರಿ ಅಂಟುನೀರಿನಲ್ಲಿ ಊದಿಕೊಂಡಿದ್ದರೆ ತೇವ ಹೆಚ್ಚಾಗಿತ್ತು. ಪೊರೆ ಮೈಗೆ ಅಂಟಿ ಒಣಗಿದ್ದರೆ ಕಡಿಮೆಯಾಗಿತ್ತು. ಮರಿಗಳು ಒಂದೆರಡು ದಿನ ಮೊದಲೇ, ಸಣ್ಣಗೆ, ಹೊಕ್ಕುಳು ಮುಚ್ಚದೆ ಬಂದರೆ ಶಾಖ ಜಾಸ್ತಿ. ಎರಡು ದಿನ ತಡವಾಗಿ, ದೊಡ್ಡ ಹೊಟ್ಟೆಯಿಂದ ಬಂದರೆ ಕಡಿಮೆ. ಕೋಳಿ ಚೆನ್ನಾಗಿ ಬಂದು ಬಾತು ಮಾತ್ರ ಕೊನೆಯಲ್ಲಿ ಸತ್ತಿದ್ದರೆ ತಣಿಸುವುದರಲ್ಲಿ, ಹೊರಳಿಸುವುದರಲ್ಲಿ ತಪ್ಪಾಗಿದೆ ಎಂದೇ ತಿಳಿಯಿರಿ.

ಹುಟ್ಟಿದ ಮೇಲೆ ಬೇರೆ ಬೇರೆ

ಮೊದಲ ವಾರ ಎರಡಕ್ಕೂ 33ರಿಂದ 35 ಡಿಗ್ರಿ, ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಆದರೆ ಬುಟ್ಟಿ ಬೇರೆ ಇರಲಿ. ಬಾತುಮರಿ ನೀರು ಚೆಲ್ಲಿ ಹಾಸು ಒದ್ದೆ ಮಾಡುತ್ತದೆ, ಅದರಲ್ಲಿ ನೆನೆದ ಕೋಳಿಮರಿ ಥಂಡಿ ಹಿಡಿದು ಸಾಯುತ್ತದೆ. ಕೋಳಿಮರಿಯ ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ. ಬಾತುಮರಿಗೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರು ಬೇಕು, ಇಲ್ಲದಿದ್ದರೆ ಮೇವಿನ ಹುಡಿ ಹೊಳ್ಳೆಯಲ್ಲಿ ಕಟ್ಟುತ್ತದೆ. ಕೋಳಿಮರಿಯ ಮೇವಿನಲ್ಲಿ ಬಾತಿಗೆ ಬೇಕಾದಷ್ಟು ನಯಾಸಿನ್ ಎಂಬ ವಿಟಮಿನ್ ಇರುವುದಿಲ್ಲ, ಕಾಲು ಬಾಗುತ್ತವೆ. ಬ್ರೂವರ್ಸ್ ಈಸ್ಟ್ ಪುಡಿಯನ್ನು ಕಿಲೋ ಮೇವಿಗೆ 50ರಿಂದ 75 ಗ್ರಾಂನಂತೆ ಬೆರೆಸಿ. ಬೂಸಲು ವಾಸನೆಯ ಶೇಂಗಾ ಹಿಂಡಿ, ಮೆಕ್ಕೆಜೋಳದ ನುಚ್ಚು ಬಾತುಮರಿಗೆ ವಿಷ. ಬೂಸಲಿನ ಅಫ್ಲಾಟಾಕ್ಸಿನ್ ಕೋಳಿಮರಿಗಿಂತ ಬಾತುಮರಿಯ ಯಕೃತ್ತನ್ನು (ಲಿವರ್) ಬಹುಬೇಗ ಕೆಡಿಸುತ್ತದೆ. ಕೋಳಿಮರಿಗೆ ಮೊದಲ ವಾರದಲ್ಲೇ ರಾಣಿಖೇತ್ ರೋಗದ ಲಸಿಕೆಯ ಹನಿ ಹಾಕಿಸಿ. ಪೆಟ್ಟಿಗೆಯಲ್ಲಿ ಹುಟ್ಟಿದ ಬಾತುಮರಿಯ ತುಪ್ಪುಳಕ್ಕೆ ತಾಯಿಯ ಮೈಯೆಣ್ಣೆ ತಾಗಿರುವುದಿಲ್ಲ, ನೀರಿಗಿಳಿದರೆ ನೆನೆದು ಮುಳುಗುತ್ತದೆ. ಆದ್ದರಿಂದ ನಾಲ್ಕು ವಾರ ತುಂಬುವವರೆಗೆ ಬಾನಿಗೆ, ಹೊಂಡಕ್ಕೆ ಬಿಡಬೇಡಿ.